ಸಾಕಿದ ಮೀನನ್ನು ಕಾಲುವೆಗೆ ಬಿಡಬೇಡಿ

ಪೆದ್ದಕಡುಬೂರು, ಆದವಾನಿ, ಕೌತಾಳ, ಕೋಸಿಗಿ, ಮಂತ್ರಾಲಯದ ಕಡೆ ಮನೆಯಲ್ಲಿ ಗಾಜಿನ ತೊಟ್ಟಿ ಇಟ್ಟು ಬಣ್ಣದ ಮೀನು ಸಾಕುವ ಎಲ್ಲರಲ್ಲೂ ಕೈಮುಗಿದು ಕೇಳುವುದು ಇಷ್ಟೇ. ತೊಟ್ಟಿಯ ಮೀನು ಬೇಡವಾದಾಗ ಅದನ್ನು ತುಂಗಭದ್ರಾ ಕೆಳಮಟ್ಟದ ಕಾಲುವೆಗೆ (ಎಲ್‌ಎಲ್‌ಸಿ) ಬಿಡಬೇಡಿ. ಊರ ಕೆರೆಗೂ ಬೇಡ, ತುಂಗಭದ್ರೆಗೂ ಬೇಡ. ಒಂದೇ ಒಂದು ಮೀನಾದರೂ ಬೇಡ.

ಹೀಗೆ ಬಿಡುವವರು ಕೆಟ್ಟ ಮನಸ್ಸಿನವರಲ್ಲ. ವರ್ಗವಾಗಿ ಬೇರೆ ಊರಿಗೆ ಹೋಗಬೇಕು, ತೊಟ್ಟಿ ಹೊತ್ತೊಯ್ಯಲಾಗದು. ಬೆರಳುದ್ದ ಇದ್ದ ಮೀನು ಮೊಳದುದ್ದ ಬೆಳೆದು ಜೊತೆಯ ಮೀನುಗಳನ್ನೇ ನುಂಗತೊಡಗಿರುತ್ತದೆ. ಮಕ್ಕಳು ಆಸೆಪಟ್ಟು ತಂದದ್ದು, ಕೊಲ್ಲಲು ಕೈ ಬರುವುದಿಲ್ಲ. “ಇಲ್ಲಿ ಸಾಯೋದಕ್ಕಿಂತ ಹರಿಯೋ ನೀರಾಗ ಬದುಕಲಿ ಬಿಡ್ರಿ, ಪುಣ್ಯ ಬರತೈತಿ” ಎಂದು ಹಿರಿಯರೂ ಹೇಳುತ್ತಾರೆ. ಈ ಕರುಣೆ ನಿಜವಾದದ್ದು. ಆದರೆ ಬಿಟ್ಟ ಮೇಲೆ ಎರಡರಲ್ಲಿ ಒಂದು ಆಗುತ್ತದೆ. ತೊಟ್ಟಿಯಲ್ಲಿ ಹುಟ್ಟಿ ಬೆಳೆದ ಮೀನು ಬಹುಪಾಲು ಕೆಲವೇ ದಿನಗಳಲ್ಲಿ ಹಸಿದೋ, ಕೊಕ್ಕರೆ ಮಿಂಚುಳ್ಳಿಗಳಿಗೆ ತುತ್ತಾಗಿಯೋ ಸಾಯುತ್ತದೆ. ಹಾಗೆ ಸಾಯದೆ ಗಟ್ಟಿಯಾಗಿ ನೆಲೆ ನಿಂತರೆ ನಮಗೆ ಅದಕ್ಕಿಂತ ದೊಡ್ಡ ಕಷ್ಟ.

ಈ ಕಾಲುವೆ ನಮಗೆ ಏನೆಂಬುದನ್ನು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಿಂದ ನೀರು ಹರಿಯತೊಡಗಿತು. ಅದೇ ವರ್ಷ ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಆಡಳಿತ ಬೇರೆಯಾಯಿತು, ನೀರು ಬೇರೆಯಾಗಲಿಲ್ಲ. ಎಲ್‌ಎಲ್‌ಸಿಯಲ್ಲಿ ಆಂಧ್ರದ ಪಾಲು 24 ಟಿಎಂಸಿ. ಅದು ಹೊಸಪೇಟೆಯಿಂದ ಹೊರಟು ಬಳ್ಳಾರಿ ಸೀಮೆಯನ್ನು ದಾಟಿ ನಮ್ಮ ಹೊಲಗಳಿಗೆ ಬರಬೇಕು. ಬೇಸಿಗೆಗೆ ಕುಡಿಯುವ ನೀರು ಕೂಡಿಡುವ ಬಸಲದೊಡ್ಡಿಯ ಎಸ್‌ಎಸ್ ಟ್ಯಾಂಕ್ ತುಂಬುವುದೂ ಈ ನೀರಿನಿಂದಲೇ, ಆದವಾನಿಯ ನಲ್ಲಿಗಳಲ್ಲಿ ಬರುವುದೂ ಇದೇ ನೀರು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಈ ಭಾಗದ ಎಷ್ಟು ಮನೆಗಳಲ್ಲಿ ನಿದ್ದೆ ಬರಲಿಲ್ಲ ಎಂಬುದು ನಿಮಗೇ ಗೊತ್ತಿದೆ. ಅಂಥ ನೀರಿಗೆ ನಾವು ಕೈಯಾರೆ ಏನನ್ನು ಸೇರಿಸುತ್ತೇವೆ ಎಂಬ ಎಚ್ಚರ ನಮಗಿರಬೇಕಲ್ಲವೇ?

ಅಂಗಡಿಗಳಲ್ಲಿ ‘ಸಕ್ಕರ್’ ಎಂದೂ ‘ಟ್ಯಾಂಕ್ ಕ್ಲೀನರ್’ ಎಂದೂ ಮಾರುವ ಕಪ್ಪು ಚುಕ್ಕಿಯ ಮೀನನ್ನು ನೋಡಿರುತ್ತೀರಿ. ಎರಡು ಅಂಗುಲದ ಮರಿ, ಗಾಜಿಗೆ ಬಾಯಿ ಅಂಟಿಸಿಕೊಂಡು ಪಾಚಿ ತಿನ್ನುತ್ತಿರುತ್ತದೆ, ಅಗ್ಗವಾಗಿಯೂ ಸಿಗುತ್ತದೆ. ದಕ್ಷಿಣ ಅಮೆರಿಕದ ನದಿಗಳ ಈ ಮೀನು ಒಂದೂವರೆ ಅಡಿಯವರೆಗೆ ಬೆಳೆಯುತ್ತದೆ. ಮೈಮೇಲೆ ಇರುವುದು ಎಲುಬಿನ ಗಟ್ಟಿ ಫಲಕ, ರೆಕ್ಕೆಗಳಲ್ಲಿ ಚೂಪಾದ ಮುಳ್ಳು. ನಮ್ಮ ನೀರಿನ ಯಾವ ಮೀನೂ ಅದನ್ನು ಸುಲಭವಾಗಿ ನುಂಗಲಾರದು. ಬಲೆಗೆ ಬಿದ್ದರೆ ಬಲೆ ಹರಿಯುತ್ತದೆ, ಮಾರುಕಟ್ಟೆಯಲ್ಲಿ ಕೊಳ್ಳುವವರಿಲ್ಲ. ಗಾಳಿಯನ್ನು ನುಂಗಿ ಉಸಿರಾಡುವುದರಿಂದ ಕೊಳೆತ ನೀರಿನಲ್ಲೂ ಬದುಕುತ್ತದೆ, ನೀರಿನಿಂದ ಹೊರಗೆ ತೆಗೆದರೂ ಗಂಟೆಗಟ್ಟಲೆ ಜೀವ ಹಿಡಿದಿರುತ್ತದೆ. ಪಾಚಿಯ ಜೊತೆಗೆ ಬೇರೆ ಮೀನುಗಳ ಮೊಟ್ಟೆಯನ್ನೂ ಕಬಳಿಸುತ್ತದೆ.

ಇವೆಲ್ಲಕ್ಕಿಂತ ನಮಗೆ ಹೆಚ್ಚು ಆತಂಕ ತರಬೇಕಾದದ್ದು ಅದು ಮೊಟ್ಟೆಯಿಡುವ ಬಗೆ. ದಂಡೆಯ ಮಣ್ಣಿನಲ್ಲಿ ಬಿಲ ತೋಡಿ, ಅದರೊಳಗೆ ಮೊಟ್ಟೆಯಿಟ್ಟು, ಗಂಡು ಮೀನು ಕಾವಲು ಕೂರುತ್ತದೆ. ಬಿಲಗಳು ಕೆಲವೊಮ್ಮೆ ಮೂರಡಿ ಆಳ ಹೋಗುತ್ತವೆ. ಅಮೆರಿಕದ ಫ್ಲಾರಿಡಾದಲ್ಲಿ, ಮೆಕ್ಸಿಕೋದಲ್ಲಿ ಹೀಗೆ ಸಾಲುಸಾಲು ಬಿಲ ತೋಡಿ ಕಾಲುವೆ, ಕೆರೆ, ಜಲಾಶಯಗಳ ದಂಡೆ ಕುಸಿದದ್ದುಂಟು. ನಮ್ಮ ಹಂಚು ಕಾಲುವೆಗಳ, ಕೆರೆಗಳ ದಂಡೆಯೂ ಮಣ್ಣಿನದೇ. ಒಂದು ಕಡೆ ದಂಡೆ ಒಡೆದರೆ ಕೊನೆಯಂಚಿನ ರೈತನ ಮೆಣಸಿನಕಾಯಿ, ಹತ್ತಿ, ಭತ್ತದ ಗತಿ ಏನೆಂದು ಯಾರನ್ನು ಕೇಳಿದರೂ ಹೇಳುತ್ತಾರೆ.

ಇದು ದೂರದ ಮಾತಲ್ಲ. ಆಂಧ್ರದ ಕರಾವಳಿ ಜಿಲ್ಲೆಗಳ ಮೀನುಕೆರೆಗಳಲ್ಲಿ ಈ ಮೀನು ಈಗಾಗಲೇ ಹೆಚ್ಚಿದೆ. ಅಲ್ಲಿಯವರು ‘ಡೆವಿಲ್ ಫಿಶ್’ ಎಂದು ಶಪಿಸುತ್ತಾರೆ. 2020ರಲ್ಲಿ ವಾರಾಣಸಿಯ ಗಂಗೆಯಲ್ಲಿ ಇದು ಬೆಸ್ತರ ಬಲೆಗೆ ಸಿಕ್ಕಿತು. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಪೂರ್ವಘಟ್ಟದ ಹೊಳೆ, ಕೆರೆಗಳ ನೀರನ್ನು ತಂದು, ಅದರಲ್ಲಿ ಬೆರೆತ ಡಿಎನ್‌ಎಯನ್ನು ಪರೀಕ್ಷಿಸಿ, ನೋಡಿದ ಜಾಗಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಡೆ ಈ ಮೀನು ಹೊಕ್ಕಿದೆ ಎಂದು ಕಂಡುಕೊಂಡರು. ಅಮೆಜಾನಿನಿಂದ ಇಲ್ಲಿಗೆ ಅದು ಈಜಿ ಬಂದಿಲ್ಲ. ಮನೆಯ ತೊಟ್ಟಿಗಳಿಂದ, ಮಾರಾಟಕ್ಕೆ ಸಾಕುವ ಕೊಳಗಳಿಂದ ಹೊರಬಿದ್ದದ್ದು. ಒಮ್ಮೆ ಹರಿಯುವ ನೀರಿಗೆ ಸೇರಿ ಮರಿ ಮಾಡಿತೆಂದರೆ ಮತ್ತೆ ಅದನ್ನು ಪೂರ್ತಿ ತೆಗೆಯುವುದು ಬಲು ಕಷ್ಟ.

ಸಕ್ಕರ್ ಒಂದೇ ಅಲ್ಲ. ಮೊಸಳೆಯ ಮೂತಿಯ ಅಲಿಗೇಟರ್ ಗಾರ್ 2023ರಲ್ಲಿ ಕಾಶ್ಮೀರದ ದಾಲ್ ಸರೋವರದಲ್ಲಿ ಸಿಕ್ಕಿತು. ಉತ್ತರ ಅಮೆರಿಕದ ಈ ಬೇಟೆಗಾರ ಮೀನನ್ನೂ ಮರಿಯಾಗಿದ್ದಾಗ ಬಣ್ಣದ ಮೀನಿನ ಅಂಗಡಿಗಳಲ್ಲೇ ಮಾರುತ್ತಾರೆ. ಕಿವಿಯ ಬಳಿ ಕೆಂಪು ಗೆರೆಯಿರುವ ಪುಟ್ಟ ಆಮೆಗಳು ಬೆಂಗಳೂರಿನ ಕೆರೆಗಳನ್ನು ಸೇರಿವೆ. ಸೊಳ್ಳೆಯ ಲಾರ್ವಾ ತಿನ್ನುವ ಗಪ್ಪಿ ಮೀನನ್ನು ಮಲೇರಿಯಾ ತಡೆಯಲು ಕೋಲಾರದ ಕಡೆಯ ಹಳ್ಳಿಗಳ ಬಾವಿಗಳಿಗೆ ಬಿಟ್ಟರಲ್ಲ, ನಾವು ಬಿಟ್ಟರೆ ತಪ್ಪೇನು ಎಂದು ನೀವು ಕೇಳಬಹುದು. ಅದು ಸೊಳ್ಳೆಯ ಲಾರ್ವಾ ಎಲ್ಲಿದೆ ಎಂದು ನೋಡಿ, ಲೆಕ್ಕವಿಟ್ಟು, ವಿಜ್ಞಾನಿಗಳ ಕಣ್ಣೆದುರು ನಡೆದ ಕೆಲಸ. ಮನೆಯಂಗಳದ ಸಿಮೆಂಟ್ ತೊಟ್ಟಿಯಲ್ಲಿ ನೀವು ನಾಲ್ಕು ಗಪ್ಪಿ ಇಟ್ಟುಕೊಂಡರೆ ಒಳ್ಳೆಯದೇ, ಡೆಂಗಿ ಸೊಳ್ಳೆ ಕಡಿಮೆಯಾಗುತ್ತದೆ. ಕಾಲುವೆಗೆ ಮಾತ್ರ ಬೇಡ.

ಮೀನು ಬೇಡವಾಗುವ ತೊಂದರೆ ಹುಟ್ಟುವುದು ಕೊಳ್ಳುವ ದಿನವೇ. ನಮ್ಮ ನೀರಿಗೆ, ನಮ್ಮ ಬಿಸಿಲಿಗೆ ಹೊಂದದ ಮೀನನ್ನು ತಂದು, ಅದು ನರಳುವುದನ್ನು ನೋಡಲಾಗದೆ ಕಾಲುವೆಯ ದಾರಿ ಹಿಡಿಯುತ್ತೇವೆ. ಇಲ್ಲಿನ ಬೋರಿನ ನೀರು ಬಹುತೇಕ ಗಡಸು. ಹಂಡೆಯ ಒಳಗೆ, ನಲ್ಲಿಯ ಬಾಯಿಗೆ ಬಿಳಿ ಪೊರೆ ಕಟ್ಟುವ ನೀರಿನಲ್ಲಿ ನಿಯಾನ್ ಟೆಟ್ರಾ, ಡಿಸ್ಕಸ್ ಬಾಳುವುದು ಕಷ್ಟ. ಅವು ಅಮೆಜಾನಿನ ಮೆದು ನೀರಿನವು. ಗಪ್ಪಿ, ಮೋಲಿ, ಪ್ಲಾಟಿಗಳಿಗೆ ಗಡಸು ನೀರೇ ಹಿತ. ನಮ್ಮ ದೇಶದ ಹಳ್ಳಕೊಳ್ಳಗಳದೇ ಆದ ಪಟ್ಟೆಪಟ್ಟೆಯ ಜೀಬ್ರಾ ಡೇನಿಯೊ ಕೂಡ ಗಟ್ಟಿ ಜೀವ, ಎಷ್ಟು ಹೊತ್ತು ನೋಡಿದರೂ ಬೇಸರ ಬಾರದಷ್ಟು ಚುರುಕು. ಗೋಲ್ಡ್‌ಫಿಶ್ ತಣ್ಣೀರಿನ ಮೀನು, ಚೀನಾದಲ್ಲಿ ಸಾವಿರ ವರ್ಷದ ಹಿಂದೆ ಸಾಕಲು ಹಿಡಿದ ತಳಿ. ಸರಿಯಾಗಿ ಸಾಕಿದರೆ ಹತ್ತು ವರ್ಷಕ್ಕೂ ಹೆಚ್ಚು ಬದುಕುತ್ತದೆ, ಅಂಗೈಗಿಂತ ದೊಡ್ಡದಾಗುತ್ತದೆ. ಅದನ್ನು ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ದುಂಡನೆಯ ಗಾಜಿನ ಬಟ್ಟಲಿನಲ್ಲಿಡುವುದು ಹಿಂಸೆ. ವಾಸ್ತು, ಅದೃಷ್ಟ ಎಂಬ ಮಾತಿಗೆ ಮಾರುಹೋಗಿ ಫ್ಲವರ್‌ಹಾರ್ನ್, ಆಸ್ಕರ್ ತರುವ ಮುಂಚೆ ಅವು ಒಂದಡಿ ಬೆಳೆಯುತ್ತವೆ ಎಂಬುದು ನೆನಪಿರಲಿ.

ಗಪ್ಪಿಯ ವಿಷಯದಲ್ಲಿ ಒಂದು ಗುಟ್ಟು ಅಂಗಡಿಯವರು ಹೇಳುವುದಿಲ್ಲ. ಗಂಡು ಮೀನುಗಳನ್ನು ಮಾತ್ರ ಕೊಳ್ಳಿ. ಬಣ್ಣ, ಬಾಲ ಚಂದವಿರುವುದೂ ಅವಕ್ಕೇ. ಒಂದೇ ಹೆಣ್ಣು ಬಂದರೂ, ಗಂಡಿಲ್ಲದೆಯೇ, ಮೊದಲು ಕೂಡಿದ್ದರ ಬಲದಿಂದ ತಿಂಗಳಿಗೊಮ್ಮೆಯಂತೆ ಹಲವು ಸಲ ಮರಿ ಹಾಕುತ್ತದೆ. ಆರು ತಿಂಗಳಲ್ಲಿ ತೊಟ್ಟಿ ತುಂಬಿ ತುಳುಕುತ್ತದೆ. ಎಷ್ಟೋ ಮನೆಗಳ ಮೀನು ಕಾಲುವೆ ಸೇರುವುದು ಹೀಗೆ.

ಎರಡು ಅಡಿ ಉದ್ದ, ಒಂದೊಂದು ಅಡಿ ಅಗಲ ಎತ್ತರದ ತೊಟ್ಟಿ ಸುಮಾರು 55 ಲೀಟರ್ ಹಿಡಿಯುತ್ತದೆ. ಎಂಟು ಹತ್ತು ಸಣ್ಣ ಮೀನುಗಳಿಗೆ ಅದು ಸಾಕು. ತಂದ ದಿನವೇ ಮೀನೆಲ್ಲವನ್ನೂ ತುಂಬಬೇಡಿ. ಮೀನಿನ ಮಲಮೂತ್ರದಿಂದ ಬರುವ ಅಮೋನಿಯಾ ವಿಷ. ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಸೂಕ್ಷ್ಮಜೀವಿಗಳು ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಆ ಅವಧಿಯಲ್ಲಿ ಎರಡು ಮೂರು ಮೀನು ಸಾಕು. ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯಬೇಡಿ, ಬ್ಲೀಚಿಂಗ್ ಪೌಡರಿನ ನೀರಿಗೆ ಆ ಜೀವಿಗಳೆಲ್ಲ ಸಾಯುತ್ತವೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ಮುನ್ಸಿಪಾಲಿಟಿಯ ನೀರನ್ನು ಅಗಲ ಬಾಯಿಯ ಬಕೆಟಿನಲ್ಲಿ ಒಂದು ದಿನ ತೆರೆದಿಟ್ಟು ಆಮೇಲೆ ಹಾಕಿ. ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಮೇವು ಹಾಕಿ. ಹಸಿವಿಗಿಂತ ಹೆಚ್ಚು ಮೀನುಗಳು ಸಾಯುವುದು ಮಿಕ್ಕ ಮೇವು ಕೊಳೆತ ನೀರಿನಿಂದ.

ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಬೇಕು. ಅಂದರೆ ಹೆಚ್ಚುಕಡಿಮೆ ಒಂದು ಕೊಡ. ಬೇಸಿಗೆಯಲ್ಲಿ ಇಲ್ಲಿ ಒಂದು ಕೊಡ ನೀರಿನ ಬೆಲೆ ತಿಳಿದವರು ಅದನ್ನು ಚರಂಡಿಗೆ ಚೆಲ್ಲುವುದಿಲ್ಲ. ಕರಿಬೇವಿಗೆ, ಮಲ್ಲಿಗೆಗೆ ಹಾಕಿ, ಅದರಲ್ಲಿ ಗೊಬ್ಬರವಿದೆ. ಚರಂಡಿಗೆ ಚೆಲ್ಲಿದರೆ ಕಣ್ಣಿಗೆ ಕಾಣದ ಮರಿ, ಬಸವನಹುಳದ ಮೊಟ್ಟೆ, ಗಿಡದ ತುಣುಕು ಎಲ್ಲವೂ ಹಳ್ಳ ಸೇರುತ್ತವೆ. ತೊಟ್ಟಿಯ ಗಿಡಗಳನ್ನೂ ಬಿಸಿಲಲ್ಲಿ ಪೂರ್ತಿ ಒಣಗಿಸಿಯೇ ತಿಪ್ಪೆಗೆ ಹಾಕಿ. ಕೆರೆಗಳನ್ನು ಮುಚ್ಚಿಹಾಕುವ ನೇರಳೆ ಹೂವಿನ ಅಂತರಗಂಗೆಯೂ ಒಂದು ಕಾಲದಲ್ಲಿ ಚಂದಕ್ಕೆಂದು ಹೊರದೇಶದಿಂದ ತಂದ ಗಿಡವೇ.

ಇನ್ನು ಬಿಸಿಲು. 25 ಡಿಗ್ರಿಯ ಒಂದು ಲೀಟರ್ ನೀರು 8 ಮಿಲಿಗ್ರಾಂಗಿಂತ ತುಸು ಹೆಚ್ಚು ಆಮ್ಲಜನಕ ಹಿಡಿದರೆ, 35 ಡಿಗ್ರಿಗೆ ಅದು 7ಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಮೀನಿಗೆ ಉಸಿರಿನ ಅಗತ್ಯ ಹೆಚ್ಚಿರುತ್ತದೆ. ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಮುಚ್ಚಳ ತೆಗೆದು ನೀರಿನ ಮೇಲೆ ಫ್ಯಾನಿನ ಗಾಳಿ ಬೀಸುವಂತೆ ಮಾಡಿ, ಹೊರಗಿನಿಂದ ಗಾಜಿಗೆ ಒದ್ದೆ ಗೋಣಿ ಹೊದಿಸಿ, ಮೇವು ಅರ್ಧ ಮಾಡಿ. ಕರೆಂಟು ಹೋದಾಗ ಬ್ಯಾಟರಿಯ ಗಾಳಿ ಪಂಪ್ ಇಲ್ಲದಿದ್ದರೆ ಚೊಂಬಿನಿಂದ ಅದೇ ನೀರನ್ನು ಎತ್ತಿ ಎತ್ತಿ ಮೇಲಿನಿಂದ ಸುರಿಯಿರಿ. ಮಕ್ಕಳು ಈ ಕೆಲಸವನ್ನು ಬಲು ಖುಷಿಯಿಂದ ಮಾಡುತ್ತಾರೆ.

ಇಷ್ಟಾದರೂ ಸಾಕಲಾಗದ ದಿನ ಬರಬಹುದು. ಆಗ ಮೊದಲು ಕೊಂಡ ಅಂಗಡಿಗೆ ಹೋಗಿ, ದುಡ್ಡು ಕೇಳದೆ ಮರಳಿ ಕೊಡಿ. ಮೀನು ಸಾಕುವ ಬೇರೆ ಮನೆಯವರನ್ನು ಕೇಳಿ. ತೊಟ್ಟಿಯಿರುವ ಶಾಲೆಯನ್ನು ಕೇಳಿ. ಯಾರೂ ಒಪ್ಪದಿದ್ದರೆ, ಅಥವಾ ಮೀನು ವಾಸಿಯಾಗದಂತೆ ನರಳುತ್ತಿದ್ದರೆ, ನೋವಿಲ್ಲದೆ ಕೊನೆಗಾಣಿಸುವ ದಾರಿಯೊಂದಿದೆ. ಒಂದು ಲೀಟರ್ ನೀರಿಗೆ ಹತ್ತು ಹನಿಯಷ್ಟು ಲವಂಗದ ಎಣ್ಣೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕುಲುಕಿ ಹಾಲಿನಂತಾದ ಮೇಲೆ ಮೀನಿರುವ ನೀರಿಗೆ ಬೆರೆಸಿದರೆ ಮೀನು ಎಚ್ಚರ ತಪ್ಪುತ್ತದೆ, ಮತ್ತೆ ಏಳುವುದಿಲ್ಲ. ಕಿವಿರಿನ ಚಲನೆ ನಿಂತ ಮೇಲೂ ಅರ್ಧ ಗಂಟೆ ಬಿಟ್ಟು, ಗಿಡದ ಬುಡದಲ್ಲಿ ಹೂಳಿ. ಮನಸ್ಸಿಗೆ ಕಷ್ಟವೇ. ಆದರೂ ನಾವು ತಂದ ಜೀವದ ಹೊಣೆ ನಮ್ಮದು, ಅದನ್ನು ಕಾಲುವೆಯ ಮೇಲೆ ಹೊರಿಸುವಂತಿಲ್ಲ.

ಮೀನಿಗೆ ಪುಣ್ಯ ಮಾಡುವ ಆಸೆಯಿದ್ದವರು ಶೃಂಗೇರಿಯನ್ನು ನೆನೆಯಿರಿ. ನಮ್ಮ ತುಂಗಭದ್ರೆಯ ಮೇಲ್ಭಾಗದ ತುಂಗೆಯಲ್ಲಿ, ಮಠದ ಮೆಟ್ಟಿಲ ಬಳಿ, ಮಹಶೀರ್ ಮೀನುಗಳನ್ನು ಹಿಡಿಯದೆ ಕಾಪಾಡಿಕೊಂಡು ಬಂದಿದ್ದಾರೆ. ಅವು ಆ ನೀರಿನವೇ ಆದ ಮೀನು. ಹೊರಗಿನದನ್ನು ತಂದು ಬಿಟ್ಟದ್ದಲ್ಲ.

ಆದವಾನಿಯ ಮೀನಿನ ಅಂಗಡಿಯವರಿಗೂ ಒಂದು ಕೋರಿಕೆ. ಸಕ್ಕರ್ ಮರಿ ತರಿಸುವುದನ್ನು ನಿಲ್ಲಿಸಿ, ಮರಳಿ ಬಂದ ಮೀನನ್ನು ಬೇಡವೆನ್ನಬೇಡಿ, ಪ್ರತಿ ತೊಟ್ಟಿಯ ಮೇಲೆ ಆ ಮೀನು ಎಷ್ಟು ದೊಡ್ಡದಾಗುತ್ತದೆ ಎಂದು ಕನ್ನಡದಲ್ಲೂ ತೆಲುಗಿನಲ್ಲೂ ಬರೆದಿಡಿ. ಕನ್ನಡ ಶಾಲೆಗಳ ಮೇಷ್ಟ್ರುಗಳು, ಟೀಚರಮ್ಮಗಳು ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳಿಗೆ ಈ ಒಂದು ಮಾತು ಹೇಳಿದರೆ ಅದು ಸಂಜೆಯೊಳಗೆ ಮನೆಮನೆಗೆ ಮುಟ್ಟುತ್ತದೆ. ಕಾಲುವೆಯಲ್ಲಿ ಮೈತುಂಬ ಮುಳ್ಳಿನ, ಕೆಳಬಾಯಿಯ ಕಪ್ಪು ಮೀನು ಸಿಕ್ಕರೆ ನೀರಿಗೆ ಮರಳಿ ಎಸೆಯದೆ, ಫೋಟೋ ತೆಗೆದು ಮೀನುಗಾರಿಕೆ ಇಲಾಖೆಗೆ ತಿಳಿಸಿ. ನಿಮ್ಮ ಮನೆಯಲ್ಲಿ ಈಗ ಸಕ್ಕರ್ ಮೀನಿದ್ದರೆ ಅದನ್ನು ಸಾಯುವವರೆಗೆ ತೊಟ್ಟಿಯಲ್ಲೇ ಸಾಕಿ, ಇಲ್ಲವೇ ಅಂಗಡಿಗೆ ಮರಳಿಸಿ. ಮುಂಗಾರಿಗೆ ಕಾಲುವೆಯ ನೀರು ಬರುವುದರೊಳಗೆ ಅದರ ವ್ಯವಸ್ಥೆ ಮಾಡಿ.