ಯಾರ ದುಡಿಮೆ ಅಗ್ಗ?

"ಡಾಲರ್ ಎಷ್ಟಾದರೇನು, ನಮ್ಮಲ್ಲಿ ಬದುಕು ಅಗ್ಗ" ಎನ್ನುವವರ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಅವರ ಕೈಯಲ್ಲಿ ವಿಶ್ವಬ್ಯಾಂಕಿನ ಲೆಕ್ಕವೂ ಇದೆ: 2017ರಲ್ಲಿ ಡಾಲರಿಗೆ ಸುಮಾರು 65 ರೂಪಾಯಿ ಇದ್ದರೂ, ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವಷ್ಟು ಇಲ್ಲಿ 20 ರೂಪಾಯಿ 65 ಪೈಸೆಗೇ ಸಿಗುತ್ತಿತ್ತಂತೆ. ಹಾಗೆ ಕೊಳ್ಳುವ ಶಕ್ತಿಯಿಂದ ಅಳೆದರೆ ನಮ್ಮ ವರಮಾನ ಮೂರು ಪಟ್ಟು!

ಲೆಕ್ಕ ತಪ್ಪಲ್ಲ. ಆದರೆ ಇಲ್ಲಿ ಅಗ್ಗವಾಗಿರುವುದು ಪೆಟ್ರೋಲೂ ಅಲ್ಲ, ಮೊಬೈಲೂ ಅಲ್ಲ; ಪಾತ್ರೆ ತಿಕ್ಕುವ, ರವಿಕೆ ಹೊಲಿಯುವ, ಮಗು ನೋಡಿಕೊಳ್ಳುವ ಹೆಂಗಸಿನ ದುಡಿಮೆ. ನನ್ನ ಸಂಬಳ ಬಾಳುವುದು ಅವಳ ಕೂಲಿ ಕಡಿಮೆಯಿರುವುದರಿಂದ. ಅವಳ ಮನೆಯ ಪಾತ್ರೆಯನ್ನು ಅವಳೇ ತಿಕ್ಕಬೇಕು. ಅದಂತೂ ಯಾವ ದೇಶದ ವರಮಾನದಲ್ಲೂ ಸೇರುವುದಿಲ್ಲ. ಅವಳ ಕೂಲಿ ಏರಿದರೆ ನಮ್ಮ ಮೂರು ಪಟ್ಟಿನ ಜಂಬ ಕುಗ್ಗುತ್ತದೆ. ಕುಗ್ಗಲಿ. ಮೊದಲು ಅವಳಿಗೆ ಸಲ್ಲಬೇಕಾದ್ದನ್ನು ಕೊಡೋಣ.