ಹೊಗೆಕೊಳವೆ ಇದ್ದರೆ ಸಾಲದು
ಕೆಮ್ಮಿಗೆ ಮದ್ದು ಕೇಳಿ ಬರುವ ತಾಯಂದಿರನ್ನು ನಾನು ಮೊದಲು ವಿಚಾರಿಸುವುದು ಒಲೆಯ ಬಗ್ಗೆ. ‘ಅಸ್ತ್ರ ಒಲೆ ಹಾಕಿಸಿದ್ದೇವಲ್ಲ, ಕೊಳವೆ ಇದೆ ಡಾಕ್ಟರೇ’ ಎನ್ನುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ರೂಪಿಸಿದ ಒಳ್ಳೆಯ ಒಲೆಯೇ ಅದು. ಆದರೆ ಕೊಳವೆಯ ಬಾಯಿ ಮಾಡಿನ ನೆತ್ತಿಗಿಂತ 2 ಅಡಿಯಾದರೂ ಮೇಲಿರಬೇಕು. ಇಲ್ಲದಿದ್ದರೆ ಗಾಳಿ ಹೊಗೆಯನ್ನು ಒಳಕ್ಕೇ ತಳ್ಳುತ್ತದೆ. ಹಸಿ ಸೌದೆ ಉರಿಸಿದರೆ ಕೊಳವೆಯೊಳಗೆ ಮಸಿ ಕಟ್ಟುತ್ತದೆ. ಅದಕ್ಕೆ ಬೆಂಕಿಯೂ ಹತ್ತಬಹುದು. ಕೆಂಡವಿರುವಾಗ ಕಿಟಕಿ ಮುಚ್ಚಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದಲ್ಲೇ ಪ್ರಾಣ ತೆಗೆಯುತ್ತದೆ. ಅಡುಗೆಮನೆಯ ಹೊಗೆ ಹೋಗದೆ ನನ್ನ ಶರಬತ್ತಿನಿಂದ ಕೆಮ್ಮು ಹೋಗದು.

ಸಹೋದರರೇ, ತಿಂಗಳಿಗೊಮ್ಮೆ ಒಲೆ ಪೂರ್ತಿ ಆರಿದ ಮೇಲೆ ಕೊಳವೆಯ ಮಸಿ ತೆಗೆಯುವುದು ನಿಮ್ಮ ಹೊಣೆ. ಸಹರಿಗೆ ಎಲ್ಲರಿಗಿಂತ ಮೊದಲು ಎದ್ದು ಒಲೆ ಹಚ್ಚುವವಳ ಹಕ್ಕು ನಮ್ಮ ಮೇಲಿದೆ. ಮುಂದಿನ ರಮಝಾನ್‌ಗೆ ಕಾಯದೆ ಈ ವಾರವೇ ಕೊಳವೆ ನೋಡಿ.