ಶುಗರ್ ಮಾತ್ರೆ ತಿಂಗಳಿಗಾಗುವಷ್ಟು, ಊರಲ್ಲೇ, ಉಚಿತವಾಗಿ ಸಿಗಬೇಕು



ಯಾವುದೇ ಊರಿನ ಮೆಡಿಕಲ್ ಶಾಪಿನ ಮುಂದೆ ಸಂಜೆ ಹೊತ್ತು ಸ್ವಲ್ಪ ನಿಂತು ನೋಡಿ. ಕೂಲಿ ಮುಗಿಸಿ ಬಂದವರು ಡಾಕ್ಟರ ಚೀಟಿ ಮುಂದಿಟ್ಟು, ಎಲ್ಲಾ ಸೇರಿ ಎಷ್ಟಾಗುತ್ತದೆ ಎಂದು ಮೊದಲೇ ಕೇಳುತ್ತಾರೆ. ಲೆಕ್ಕ ಕೇಳಿದ ಮೇಲೆ, "ಹತ್ತು ದಿನದ್ದು ಕೊಡಿ ಸಾಕು, ಬಿಪಿ ಮಾತ್ರೆ ಮುಂದಿನ ವಾರ ತಗೊಳ್ತೀನಿ" ಅನ್ನುತ್ತಾರೆ. ಅಂಗಡಿಯವರು ಕತ್ತರಿ ತೆಗೆದು ಸ್ಟ್ರಿಪ್ ಕತ್ತರಿಸುತ್ತಾರೆ. ದಿನಕ್ಕೆರಡು ಮಾತ್ರೆ ಬರೆದಿದ್ದರೂ ಒಂದೇ ನುಂಗುವುದು, ಕೆಲಸ ಸಿಗದ ವಾರ ಪೂರ್ತಿ ಬಿಟ್ಟುಬಿಡುವುದು ಶುರುವಾಗುವುದು ಇಲ್ಲಿಂದಲೇ. ಆಮೇಲೆ ಆಸ್ಪತ್ರೆಯಲ್ಲಿ "ಮಾತ್ರೆ ಸರಿಯಾಗಿ ತಗೊಳ್ಳಲ್ಲ" ಎಂದು ಬೈಸಿಕೊಳ್ಳುವವರೂ ಇವರೇ.

ಸಕ್ಕರೆ ಕಾಯಿಲೆ ಉಳ್ಳವರಿಗೆ ಬರುವ ರೋಗ ಎಂಬ ಮಾತನ್ನು ಇನ್ನಾದರೂ ಬಿಡೋಣ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ 10.1 ಕೋಟಿ ಜನರಿಗೆ ಈ ಕಾಯಿಲೆಯಿದೆ. ಇನ್ನೂ 13.6 ಕೋಟಿ ಜನ ಅದರ ಅಂಚಿನಲ್ಲಿದ್ದಾರೆ.

ಇನ್ಸುಲಿನ್ ಬೇಕಾದವರ ಲೆಕ್ಕವನ್ನೇ ನೋಡಿ. ಒಂದು ಮಿಲಿಗೆ 40 ಯೂನಿಟ್ ಇರುವ 10 ಮಿಲಿ ಬಾಟಲಿಯಲ್ಲಿ 400 ಯೂನಿಟ್ ಇರುತ್ತದೆ. ದಿನಕ್ಕೆ 40 ಯೂನಿಟ್ ಚುಚ್ಚಿಕೊಳ್ಳುವವರಿಗೆ ಅದು ಹತ್ತೇ ದಿನ. ತಿಂಗಳಿಗೆ ಮೂರು ಬಾಟಲಿ, ಮೇಲೆ ಸಿರಿಂಜ್, ಗ್ಲುಕೋಮೀಟರ್ ಸ್ಟ್ರಿಪ್, ಆಗಾಗ ಮೂರು ತಿಂಗಳ ಶುಗರ್ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ, ವರ್ಷಕ್ಕೊಮ್ಮೆ ಕಣ್ಣು ಮತ್ತು ಕಿಡ್ನಿ ತಪಾಸಣೆ. ತೆರೆಯದ ಬಾಟಲಿಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು. ರಾಯಚೂರಿನ ಬೇಸಿಗೆಯಲ್ಲಿ, ಫ್ರಿಜ್ ಇಲ್ಲದ ಮನೆಯಲ್ಲಿ, ಇದು ಹೇಗೆ ಸಾಧ್ಯ? ಪರೀಕ್ಷೆಗೆಂದು ತಾಲ್ಲೂಕು ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿಯೂ ಹೋಯಿತು. 2025–26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಹೆಂಗಸರಿಗೆ ಬಸ್ಸಾದರೂ ಉಚಿತ. ಗಂಡಸರಿಗೆ ಅದೂ ಖರ್ಚೇ.

ಆಯುಷ್ಮಾನ್ ಕಾರ್ಡ್ ಇದೆಯಲ್ಲ ಎನ್ನಬಹುದು. ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ಪ್ರತಿದಿನ ಮನೆಯಲ್ಲಿ ನುಂಗುವ ಮಾತ್ರೆಗೆ ಆ ಕಾರ್ಡ್ ನಡೆಯುವುದಿಲ್ಲ. ಶುಗರ್ ಹಿಡಿತ ತಪ್ಪಿದರೆ ಪಾದ ಜೋಮು ಹಿಡಿಯುತ್ತದೆ. ಸವೆದ ಚಪ್ಪಲಿಯಲ್ಲಿ ಹೊಲಕ್ಕೆ ಹೋದವರಿಗೆ ಮುಳ್ಳು ಚುಚ್ಚಿದ್ದೇ ತಿಳಿಯುವುದಿಲ್ಲ. ಗಾಯ ಕೀವಾಗಿ, ಕೊಳೆತು, ಬೆರಳೋ ಕಾಲೋ ತೆಗೆಯಬೇಕಾಗಿ ಬಂದು ಆಸ್ಪತ್ರೆ ಸೇರಿದರೆ ಆಗ ಕಾರ್ಡ್ ನೆರವಿಗೆ ಬರುತ್ತದೆ. ಕಿಡ್ನಿ ಕೆಟ್ಟ ಬಡವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಡಯಾಲಿಸಿಸ್ ಉಂಟು. ಅದು ಇರಲೇಬೇಕು, ಆ ಸೌಲಭ್ಯದಿಂದಲೇ ಎಷ್ಟೋ ಜೀವ ಉಳಿದಿವೆ. ನಾವು ಕೇಳುವುದು ಇಷ್ಟೇ: ಕಿಡ್ನಿ ಹೋದ ಮೇಲೆ ಖರ್ಚು ಮಾಡುವ ಸರ್ಕಾರ, ಅದು ಹೋಗದಂತೆ ಕಾಯುವ ಮಾತ್ರೆಗೆ ಯಾಕೆ ಹಿಂದೆ ಸರಿಯಬೇಕು?

ದುಡ್ಡಿಲ್ಲ ಎಂಬ ನೆಪ ನಿಲ್ಲುವುದಿಲ್ಲ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಹಳೆಯ ಔಷಧಿಗಳು, ಪೇಟೆಂಟ್ ಮುಗಿದು ಎಷ್ಟೋ ಕಾಲವಾಯಿತು. ನಮ್ಮ ದೇಶದ ಕಾರ್ಖಾನೆಗಳಲ್ಲೇ ತಯಾರಾಗುತ್ತವೆ. ಸಗಟಾಗಿ ಕೊಂಡರೆ ಮೆಟ್‌ಫಾರ್ಮಿನ್ ಮಾತ್ರೆಯೊಂದಕ್ಕೆ ಒಂದು ರೂಪಾಯಿಯೂ ಬೀಳುವುದಿಲ್ಲ. ಪಕ್ಕದ ತಮಿಳುನಾಡು 2021ರ ಆಗಸ್ಟ್‌ನಲ್ಲಿ, ನಮ್ಮ ಗಡಿಗೆ ಅಂಟಿಕೊಂಡಿರುವ ಕೃಷ್ಣಗಿರಿ ಜಿಲ್ಲೆಯಿಂದಲೇ, ಬಿಪಿ-ಶುಗರ್ ಮಾತ್ರೆಗಳನ್ನು ಮನೆ ಬಾಗಿಲಿಗೆ ಮುಟ್ಟಿಸುವ ಯೋಜನೆ ಆರಂಭಿಸಿತು. ಥಾಯ್ಲೆಂಡ್ 2002ರಲ್ಲೇ ಹೊರರೋಗಿಗಳ ಔಷಧಿಯನ್ನೂ ಸಾರ್ವತ್ರಿಕ ಆರೋಗ್ಯ ಯೋಜನೆಯೊಳಗೆ ತಂದಿತು. ನಮ್ಮಲ್ಲೂ 2024ರಲ್ಲಿ ಕೋಲಾರದಿಂದ ಗೃಹ ಆರೋಗ್ಯ ಯೋಜನೆ ಹೊರಟಿದೆ. ಮನೆಗೆ ಬಂದು ಶುಗರ್ ಪರೀಕ್ಷಿಸುವುದು ಒಳ್ಳೆಯದೇ. ಕಾಯಿಲೆ ಇದೆ ಎಂದು ಹೇಳಿದ ಮೇಲೆ ಮಾತ್ರೆ ತಪ್ಪದೆ ಸಿಗುವಂತೆ ಮಾಡುವುದು ಅದಕ್ಕಿಂತ ದೊಡ್ಡ ಕೆಲಸ.

ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ಉಚಿತವಾಗಿ ಕೊಡುತ್ತೇವೆ, ಹಾಗಾಗಿ ಅವುಗಳ ಆವರಣದಲ್ಲಿ ಜನೌಷಧಿ ಕೇಂದ್ರಗಳು ಬೇಡ ಎಂದು 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರವೇ ಆದೇಶ ಹೊರಡಿಸಿತ್ತು. ಆ ಮಾತನ್ನೇ ಹಿಡಿದು ಕೇಳೋಣ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ನಗರಗಳಲ್ಲಿ ಸರ್ಕಾರ ನಡೆಸುವ ಪ್ರತಿ ‘ನಮ್ಮ ಕ್ಲಿನಿಕ್’ನಲ್ಲಿ ಶುಗರ್ ರೋಗಿಗೆ ಒಮ್ಮೆಗೆ ಮೂವತ್ತು ದಿನದ ಮಾತ್ರೆ ಕೊಡಬೇಕು. ಬೇಕಾದವರಿಗೆ ಇನ್ಸುಲಿನ್ ಮತ್ತು ಸಿರಿಂಜ್ ಅಲ್ಲೇ ಸಿಗಬೇಕು, ಮನೆಯಲ್ಲಿ ಫ್ರಿಜ್ ಇಲ್ಲದವರ ಬಾಟಲಿಯನ್ನು ಕೇಂದ್ರದ ಫ್ರಿಜ್‌ನಲ್ಲೇ ಇಟ್ಟುಕೊಡಬೇಕು. ಎಚ್‌ಬಿಎ1ಸಿಗೆ ರೋಗಿ ತಾಲ್ಲೂಕಿಗೆ ಅಲೆಯುವುದು ಬೇಡ, ರಕ್ತದ ಮಾದರಿ ಹೋಗಲಿ.

ಒಂದು ಮಾತು ರೋಗಿಗಳಿಗೆ: ದುಡ್ಡಿನ ತಾಪತ್ರಯ ಏನೇ ಇರಲಿ, ಡಾಕ್ಟರನ್ನು ಕೇಳದೆ ಮಾತ್ರೆಯನ್ನಾಗಲಿ ಇನ್ಸುಲಿನ್ನನ್ನಾಗಲಿ ನಿಲ್ಲಿಸಬೇಡಿ. ಕೊಳ್ಳಲು ಆಗುತ್ತಿಲ್ಲ ಎಂದು ಅವರಿಗೆ ಬಾಯಿಬಿಟ್ಟು ಹೇಳಿ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಕಡಿಮೆ ಬೆಲೆಯ ಮಾತ್ರೆ ಬರೆದುಕೊಡಲು ಅವರಿಗೆ ಬರುತ್ತದೆ.

ನಿಮ್ಮ ಆರೋಗ್ಯ ಕೇಂದ್ರಕ್ಕೆ ಆರೋಗ್ಯ ರಕ್ಷಾ ಸಮಿತಿ ಇದೆ. ಮುಂದಿನ ಸಭೆ ಯಾವತ್ತು ಎಂದು ಕೇಳಿ, ನಾಲ್ಕಾರು ಮಂದಿ ಸೇರಿಕೊಂಡು ಹೋಗಿ. ಕಳೆದ ಮೂರು ತಿಂಗಳಲ್ಲಿ ಶುಗರ್ ಮಾತ್ರೆ, ಇನ್ಸುಲಿನ್ ಎಷ್ಟು ದಿನ ಸ್ಟಾಕ್ ಇರಲಿಲ್ಲ, ಮತ್ತೆ ಯಾವಾಗ ಬೇಡಿಕೆ ಕಳಿಸಿದಿರಿ ಎಂದು ಕೇಳಿ. ಉತ್ತರವನ್ನು ನಡಾವಳಿಯಲ್ಲಿ ಬರೆಸಿ, ಒಂದು ಪ್ರತಿಯನ್ನು ತಾಲ್ಲೂಕು ಆರೋಗ್ಯಾಧಿಕಾರಿಗೂ ಇನ್ನೊಂದನ್ನು ನಿಮ್ಮ ಶಾಸಕರಿಗೂ ಕೈಯಾರೆ ಕೊಟ್ಟು ಸ್ವೀಕೃತಿ ಪಡೆಯಿರಿ.